ಕಾರು ನಮ್ಮ ಶಾಪ್‌ನಲ್ಲಿ, ಹಕ್ಕು ಗ್ರಾಹಕರ ಕೈಯಲ್ಲಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಹತ್ತಿರ ಒಂದು ಸಣ್ಣ ಬಾಡಿ ಶಾಪ್‌ನಲ್ಲಿ ನಾನು ಎಸ್ಟಿಮೇಟರ್. ಗುದ್ದಿಸಿಕೊಂಡು ಬಂದ ಕಾರನ್ನು ನೋಡಿ ರಿಪೇರಿಗೆ ಎಷ್ಟಾಗುತ್ತದೆ ಅಂತ ಬರೆಯುವುದು, ಆಮೇಲೆ ಆ ದುಡ್ಡಿಗಾಗಿ ಇನ್ಶೂರೆನ್ಸ್ ಕಂಪನಿಯವರ ಜೊತೆ ಫೋನಿನಲ್ಲಿ ಜಗ್ಗಾಡುವುದು, ಇಷ್ಟೇ ನನ್ನ ಕೆಲಸ. ಇಲ್ಲಿನ ಕನ್ನಡ ಕೂಟದಲ್ಲಿ "ಯಾವ ಕಂಪನಿ?" ಅಂತ ಕೇಳಿದವರಿಗೆ "ಗ್ಯಾರೇಜು" ಅಂದರೆ, ಮುಂದಿನ ಪ್ರಶ್ನೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಎಚ್-4 (ಹೆಂಡತಿಯಾಗಿ ಜೊತೆಗೆ ಬಂದವರ) ವೀಸಾದವರಿಗೂ ಕೆಲಸದ ಪರ್ಮಿಟ್ ಕೊಡುವ ನಿಯಮ 2015ರಲ್ಲಿ ಬಂತು. ಆ ಪರ್ಮಿಟ್ ಕೈಗೆ ಬಂದಾಗ ನನಗೆ ಮೊದಲು ಸಿಕ್ಕ ಕೆಲಸ ಇದು. ತುಮಕೂರಿನಲ್ಲಿ ಅಪ್ಪನ ಟಿಂಕರಿಂಗ್ ಶೆಡ್‌ನಲ್ಲಿ ಬೆಳೆದವಳಿಗೆ ತಿನ್ನರ್ ವಾಸನೆ ಹೊಸದೇನಲ್ಲ. ಹೊಸದಾಗಿದ್ದು ಕಾಗದದ ಕೆಲಸ.

ಊರಿನಲ್ಲಿ ಕ್ಲೇಮು 50,000 ರೂಪಾಯಿ ಮುಟ್ಟಿದರೆ ಲೈಸೆನ್ಸ್ ಇರುವ ಸರ್ವೇಯರ್ ಬಂದು ನೋಡಬೇಕು. ಸವಕಳಿ ಕಳೆಯದ 'ಜೀರೋ ಡೆಪ್' ಕವರ್ ಇಲ್ಲದಿದ್ದರೆ ಪ್ಲಾಸ್ಟಿಕ್ ಬಂಪರ್‌ಗೆ ಸವಕಳಿ ಅಂತ ಅರ್ಧ ದುಡ್ಡು ಹೊಡೆಯುತ್ತಾರೆ. ಜಗಳ ಇದ್ದೇ ಇರುತ್ತದೆ, ಆದರೆ ನಿಯಮ ದೇಶಕ್ಕೆಲ್ಲ ಒಂದೇ. ಇನ್ಶೂರೆನ್ಸ್ ನೋಡಿಕೊಳ್ಳುವ ಐಆರ್‌ಡಿಎಐ ಪ್ರಾಧಿಕಾರ ಹೇಳಿದ್ದು ತುಮಕೂರಿಗೂ ಸರಿ, ತೇಜ್‌ಪುರಕ್ಕೂ ಸರಿ. ಅಮೆರಿಕದಲ್ಲಿ ಹಾಗಲ್ಲ. 1945ರ ಮೆಕ್‌ಕ್ಯಾರನ್-ಫರ್ಗುಸನ್ ಕಾಯ್ದೆ ಇನ್ಶೂರೆನ್ಸನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿದೆ. ರಾಜ್ಯಕ್ಕೊಂದು ಕಾನೂನು, ರಾಜ್ಯಕ್ಕೊಬ್ಬ ಅಧಿಕಾರಿ. ಕ್ಯಾಲಿಫೋರ್ನಿಯಾದಲ್ಲಂತೂ 1988ರಲ್ಲಿ ಜನರೇ ವೋಟು ಹಾಕಿ ಪಾಸು ಮಾಡಿದ ಪ್ರೊಪೊಸಿಷನ್ 103 ಕಾನೂನು ಆದಮೇಲೆ ಇನ್ಶೂರೆನ್ಸ್ ಕಮಿಷನರನ್ನು ಜನರೇ ವೋಟು ಹಾಕಿ ಆರಿಸುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಕಾರಿನ ಡ್ಯಾಮೇಜ್ ಅಂದಾಜು ಮಾಡುವವರಿಗೆ ಲೈಸೆನ್ಸ್ ಬೇಕು. ಇಲ್ಲಿ ನನಗೆ ಬೇಡ. ಶಾಪ್ ಮಾತ್ರ ರಾಜ್ಯದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ನಲ್ಲಿ ನೋಂದಣಿ ಆಗಿರಬೇಕು.

ನಮ್ಮದು ಯಾವ ಇನ್ಶೂರೆನ್ಸ್ ಕಂಪನಿಯ ನೆಟ್‌ವರ್ಕ್‌ಗೂ ಸೇರದ ಶಾಪ್. ನೆಟ್‌ವರ್ಕ್ ಅಂದರೆ ಒಂದು ಒಪ್ಪಂದ. ಕಂಪನಿ ಹೇಳಿದ ಗಂಟೆ ರೇಟು, ಕಂಪನಿ ಹೇಳಿದ ಪಾರ್ಟು, ಕಂಪನಿ ಹೇಳಿದ ಗಡುವು ಇದಕ್ಕೆಲ್ಲ ಶಾಪ್‌ನವರು ಒಪ್ಪಬೇಕು. ಬದಲಿಗೆ ಕಂಪನಿ ಕಾರುಗಳನ್ನು ಕಳಿಸುತ್ತಲೇ ಇರುತ್ತದೆ. ನಮ್ಮ ಓನರ್ ಅದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ನಮ್ಮ ಬಾಗಿಲಿಗೆ ಬರುವವರು ಪರಿಚಯದವರು, ಪರಿಚಯದವರ ಪರಿಚಯದವರು, ಇಲ್ಲವೇ ರಸ್ತೆಯಲ್ಲಿ ಬೋರ್ಡು ನೋಡಿ ಬಂದವರು. ಕಾನೂನು ಇಂತಹ ಶಾಪನ್ನು ಹೇಗೆ ಕಾಯುತ್ತದೆ, ಎಲ್ಲಿ ಕೈಬಿಡುತ್ತದೆ ಅನ್ನುವುದು ನನಗೆ ಚೆನ್ನಾಗಿ ಅರ್ಥ ಆಗಿದ್ದು ಹಾಸನ ಕಡೆಯ ಒಬ್ಬರ ರಾವ್4 ಕಾರಿನಿಂದ.

ಅವರು 880 ಹೆದ್ದಾರಿಯಲ್ಲಿ ಮುಂದಿನ ಗಾಡಿಗೆ ಹಿಂದಿನಿಂದ ಗುದ್ದಿದ್ದರು. ತಪ್ಪು ಅವರದೇ. ಯಾರಿಗೂ ಪೆಟ್ಟಾಗಿರಲಿಲ್ಲ, ಏರ್‌ಬ್ಯಾಗ್ ಬಿಚ್ಚಿಕೊಂಡಿರಲಿಲ್ಲ. ಮುಂದಿನವರ ಗಾಡಿಯ ಖರ್ಚು ಇವರ ಲಯಬಿಲಿಟಿಯಿಂದ ಹೋಗುತ್ತದೆ. (ಈ ರಾಜ್ಯದಲ್ಲಿ ಇನ್ನೊಬ್ಬರ ಆಸ್ತಿಗೆ ಆಗುವ ನಷ್ಟಕ್ಕೆ ಇರಲೇಬೇಕಾದ ಕನಿಷ್ಠ ಕವರ್ ದಶಕಗಟ್ಟಲೆ 5,000 ಡಾಲರ್ ಇತ್ತು. 2025ರ ಜನವರಿ 1ರಿಂದ 15,000 ಆಗಿದೆ. ಈಗಿನ ಕಾರುಗಳ ಬಿಲ್ಲು ನೋಡಿದರೆ ಅದೂ ಕಡಿಮೆಯೇ.) ಇವರ ಸ್ವಂತ ಕಾರಿನ ರಿಪೇರಿ ಇವರ ಕೊಲಿಷನ್ ಕವರ್‌ನಿಂದ, 1,000 ಡಾಲರ್ ಡಿಡಕ್ಟಿಬಲ್ (ಅವರೇ ಕೈಯಿಂದ ಕಟ್ಟಬೇಕಾದ ಪಾಲು) ಕಳೆದು.

ಕೌಂಟರ್ ಮುಂದೆ ನಿಂತೇ ಇನ್ಶೂರೆನ್ಸ್‌ಗೆ ಫೋನ್ ಮಾಡಿದರು, ಸ್ಪೀಕರ್ ಹಾಕಿ. ಆ ಕಡೆಯ ಹುಡುಗಿ ಬಹಳ ಸಭ್ಯಳು. ಯಾವ ಶಾಪ್ ಅಂತ ಕೇಳಿದಳು. ಇವರು ನಮ್ಮ ಹೆಸರು ಹೇಳಿದರು. ಒಂದು ಕ್ಷಣ ಸುಮ್ಮನಿದ್ದು ಶುರು ಮಾಡಿದಳು. ಆ ಶಾಪ್ ನಮ್ಮ ಲಿಸ್ಟ್‌ನಲ್ಲಿಲ್ಲ, ನಮ್ಮ ಲಿಸ್ಟ್‌ನ ಶಾಪ್‌ಗೆ ಹೋದರೆ ಜೀವಮಾನದ ಗ್ಯಾರಂಟಿ, ನೀವು ಹೇಳಿದ ಶಾಪ್‌ಗೇ ಹೋದರೆ ಇನ್‌ಸ್ಪೆಕ್ಷನ್‌ಗೆ ತಡ ಆಗಬಹುದು, ಹೆಚ್ಚಿನ ಖರ್ಚು ನಿಮ್ಮ ಮೇಲೆ ಬೀಳಬಹುದು. ಹೆದರಿಸುವ ಒಂದೊಂದು ಮಾತಿನಲ್ಲೂ 'ಬಹುದು' ಇತ್ತು.

ಕ್ಯಾಲಿಫೋರ್ನಿಯಾ ಇನ್ಶೂರೆನ್ಸ್ ಕೋಡ್‌ನ 758.5ನೇ ಸೆಕ್ಷನ್ ಇರುವುದೇ ಈ ಮಾತುಕತೆಗಾಗಿ. ಇಂಥದೇ ಶಾಪ್‌ನಲ್ಲಿ ಮಾಡಿಸಿ ಅಂತ ಕಂಪನಿ ಕಡ್ಡಾಯ ಮಾಡುವಂತಿಲ್ಲ. ಗ್ರಾಹಕರು ಒಂದು ಶಾಪ್ ಆರಿಸಿಕೊಂಡ ಮೇಲೆ ಬೇರೆಯದನ್ನು ಶಿಫಾರಸು ಮಾಡುವಂತಿಲ್ಲ. ತನ್ನ ನೆಟ್‌ವರ್ಕ್ ಶಾಪ್‌ನಲ್ಲಾಗಿದ್ದರೆ ಇಷ್ಟೇ ಆಗುತ್ತಿತ್ತು ಅಂತ ಹೇಳಿ ನ್ಯಾಯವಾದ ಖರ್ಚನ್ನು ಕತ್ತರಿಸುವಂತಿಲ್ಲ. ಓದಿದರೆ ಖುಷಿಯಾಗುತ್ತದೆ. ಆದರೆ ಅದೇ ಸೆಕ್ಷನ್ ಗ್ಯಾರಂಟಿ ಬಗ್ಗೆ, ನೆಟ್‌ವರ್ಕ್‌ನ ಅನುಕೂಲಗಳ ಬಗ್ಗೆ ಮಾಹಿತಿ ಕೊಡಲು ಕಂಪನಿಗೆ ಜಾಗ ಬಿಟ್ಟಿದೆ. ಮಾಹಿತಿ ಎಲ್ಲಿ ಮುಗಿಯಿತು, ಹೆದರಿಸುವುದು ಎಲ್ಲಿ ಶುರುವಾಯಿತು ಅಂತ ಫೋನಿನಲ್ಲಿ ಯಾರು ಗೆರೆ ಎಳೆಯುತ್ತಾರೆ?

ನಾನು ಒಂದು ಚೀಟಿಯಲ್ಲಿ ಬರೆದು ಮುಂದೆ ಇಟ್ಟೆ. ಅವರು ಅದನ್ನೇ ಇಂಗ್ಲಿಷಿನಲ್ಲಿ ಓದಿದರು: "ನಾನು ಶಾಪ್ ಆರಿಸಿ ಆಗಿದೆ. ಇದನ್ನು ನನ್ನ ಫೈಲಿನಲ್ಲಿ ಬರೆದುಕೊಳ್ಳಿ." ಆ ಹುಡುಗಿಯ ದನಿಯೇ ಬದಲಾಯಿತು. "ಖಂಡಿತ, ಅದು ನಿಮ್ಮ ಹಕ್ಕು" ಅಂದಳು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಆದರೆ ನೋಡಿ, ಆ ಎರಡು ವಾಕ್ಯವನ್ನು ನಾನು ಹೇಳಿದ್ದರೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ.

ಫೋನ್ ಇಟ್ಟಮೇಲೆ ಸರ್ ದನಿ ತಗ್ಗಿಸಿ ಕೇಳಿದರು. "ಮೇಡಂ, ನೀವು ನಮ್ಮವ್ರೇ. ಆ ಸಾವಿರ ಡಾಲರ್ ಹೇಗಾದ್ರೂ ಅಡ್ಜಸ್ಟ್ ಮಾಡೋಕಾಗುತ್ತಾ? ಬಿಲ್ಲಲ್ಲಿ ಸೇರಿಸಿಬಿಡಿ."

"ಆಗಲ್ಲ ಸರ್. ಇಲ್ಲಿ ಅದು ಕ್ರಿಮಿನಲ್ ಕೇಸು."

ಅವರು ನಕ್ಕರು, ತಮಾಷೆ ಅಂದುಕೊಂಡು. ತಮಾಷೆ ಅಲ್ಲ. ಡಿಡಕ್ಟಿಬಲ್ ಸರಿದೂಗಿಸಲು ಶಾಪ್‌ನವರು ಡಿಸ್ಕೌಂಟ್ ಕೊಡುವುದನ್ನು ಇಲ್ಲಿನ ಪೀನಲ್ ಕೋಡ್ 551 ನೇರವಾಗಿ ನಿಷೇಧಿಸಿದೆ. ಗಿರಾಕಿ ಕಳಿಸಿದ್ದಕ್ಕೆ ಏಜೆಂಟ್‌ಗೋ ಅಡ್ಜಸ್ಟರ್‌ಗೋ (ಕ್ಲೇಮು ನೋಡಿ ದುಡ್ಡು ತೀರ್ಮಾನಿಸುವ ಇನ್ಶೂರೆನ್ಸ್‌ನವರು) ಕಮಿಷನ್ ಕೊಡುವುದನ್ನೂ ಅದೇ ಸೆಕ್ಷನ್ ತಡೆಯುತ್ತದೆ. ಈ ಪ್ರಶ್ನೆ ನಮ್ಮ ಭಾರತೀಯ ಗ್ರಾಹಕರಿಂದ ಜಾಸ್ತಿ ಬರುತ್ತದೆ ಅಂತ ಹೇಳಲು ನನಗೆ ಮುಜುಗರ. ಆದರೆ ಬರುತ್ತದೆ.

ಕಂಪನಿಯವರು ಮೊದಲು ಫೋಟೋ ಎಸ್ಟಿಮೇಟ್ ಕಳಿಸಿದರು. ಗ್ರಾಹಕರೇ ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದು ಆ್ಯಪ್‌ಗೆ ಹಾಕುತ್ತಾರೆ, ಎಲ್ಲೋ ಕೂತ ಒಬ್ಬರು ಅದನ್ನು ನೋಡಿ ಲೆಕ್ಕ ಬರೆಯುತ್ತಾರೆ. ಬಂಪರ್ ಕವರ್, ಒಂದು ಹೆಡ್‌ಲೈಟ್, ಗ್ರಿಲ್, ಪೇಂಟ್. ಬಂಪರ್ ಹಿಂದೆ ಏನಾಗಿದೆ ಅಂತ ಫೋಟೋಗೆ ಹೇಗೆ ಗೊತ್ತಾಗಬೇಕು? ಗ್ರಾಹಕರು ಮಾತ್ರ ಆ ಮೊತ್ತವನ್ನೇ ಕೊನೆಯ ಲೆಕ್ಕ ಅಂತ ನಂಬಿಬಿಡುತ್ತಾರೆ. ಆಮೇಲೆ ನಾವು ಹೆಚ್ಚು ಕೇಳಿದಾಗ ದುರಾಸೆಯವರು ನಾವೇ ಆಗುತ್ತೇವೆ.

ಬಿಚ್ಚಿ ನೋಡಲು ನಮಗೆ ಸಹಿ ಬೇಕು. ಈ ರಾಜ್ಯದಲ್ಲಿ ಲಿಖಿತ ಎಸ್ಟಿಮೇಟ್ ಮತ್ತು ಗ್ರಾಹಕರ ಒಪ್ಪಿಗೆ ಇಲ್ಲದೆ ಸ್ಪ್ಯಾನರ್ ಮುಟ್ಟುವ ಹಾಗಿಲ್ಲ. ಮೊತ್ತ ಏರಿದರೆ ಮತ್ತೆ ಒಪ್ಪಿಗೆ ತೆಗೆದುಕೊಳ್ಳಬೇಕು. ಗ್ರಾಹಕರು ಮೊದಲೇ ಹೇಳಿದ್ದರೆ ಬಿಚ್ಚಿದ ಹಳೆಯ ಪಾರ್ಟುಗಳನ್ನು ಅವರಿಗೆ ತೋರಿಸಬೇಕು, ಕೊಡಬೇಕು. ಈ ನಿಯಮ ನಮಗೆ ತಲೆನೋವೇ. ಆದರೂ ನನಗೆ ಇಷ್ಟ. ಅಪ್ಪನ ಶೆಡ್‌ನಲ್ಲಿ ಬಾಯಿಮಾತಿನ ಲೆಕ್ಕಕ್ಕೆ ಆಗುತ್ತಿದ್ದ ಜಗಳಗಳು ನನಗೆ ನೆನಪಿವೆ.

ಸಹಿ ಆದಮೇಲೆ ನಮ್ಮ ಟೆಕ್ನಿಷಿಯನ್ ಬಂಪರ್ ಕವರ್ ಕಳಚಿದ. ಒಳಗಿನ ಫೋಮ್ ಎರಡು ತುಂಡಾಗಿತ್ತು. ಅದರ ಹಿಂದಿನ ಲೋಹದ ಬಾರ್ ಎಡಗಡೆ ಒಳಕ್ಕೆ ಬಾಗಿತ್ತು. ರೇಡಿಯೇಟರ್ ಸಪೋರ್ಟ್ ಜರುಗಿತ್ತು. ಎಸಿ ಕಂಡೆನ್ಸರ್ ಮೇಲೆ ಎಣ್ಣೆಯ ಕಲೆ. ಆಮೇಲೆ ಅವನು ಟಾರ್ಚ್ ಹಿಡಿದು ನನ್ನನ್ನು ಕರೆದ. ಈ ಕಾರಿನಲ್ಲಿ ಮುಂದಿನ ಟೊಯೋಟಾ ಲೋಗೋದ ಹಿಂದೆಯೇ ರೇಡಾರ್ ಕೂತಿರುತ್ತದೆ. ಮುಂದೆ ಗಾಡಿ ಬಂದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯ ಕಣ್ಣು ಅದು. ರೇಡಾರ್‌ಗೆ ಏನೂ ಆಗಿರಲಿಲ್ಲ. ಅದನ್ನು ಹಿಡಿದ ಬ್ರ್ಯಾಕೆಟ್‌ನ ಒಂದು ಕಿವಿ ಸೀಳಿತ್ತು. ಕೂದಲೆಳೆಯಷ್ಟು ಗೆರೆ. ಬೆರಳಿನಿಂದ ಒತ್ತಿದರೆ ರೇಡಾರ್ ಅಲುಗುತ್ತಿತ್ತು.

ಇಲ್ಲಿಂದ ಸಪ್ಲಿಮೆಂಟ್ ಶುರು. ಮೊದಲ ಎಸ್ಟಿಮೇಟ್‌ನಲ್ಲಿ ಇಲ್ಲದ್ದನ್ನೆಲ್ಲ ಫೋಟೋ ಸಮೇತ ಬರೆದು ಕಂಪನಿಗೆ ಕಳಿಸಬೇಕು. ಬ್ರ್ಯಾಕೆಟ್, ಬಾರ್, ಸಪೋರ್ಟ್, ಕಂಡೆನ್ಸರ್, ರೇಡಾರ್ ಕ್ಯಾಲಿಬ್ರೇಷನ್ (ಅದರ ಗುರಿ ಸರಿಹೊಂದಿಸುವುದು), ರಿಪೇರಿಗೆ ಮೊದಲೂ ಆಮೇಲೂ ಕಂಪ್ಯೂಟರ್ ಸ್ಕ್ಯಾನ್, ಬಣ್ಣ ಹೊಂದಿಸಲು ಪಕ್ಕದ ಫೆಂಡರ್‌ಗಳಿಗೆ ಬ್ಲೆಂಡ್. ಅಡ್ಜಸ್ಟರ್ ಉತ್ತರ ಬಂತು. ಲೋಹದ ಪಾರ್ಟುಗಳಿಗೆ ಒಪ್ಪಿಗೆ. ಬ್ಲೆಂಡ್ ಒಂದೇ ಕಡೆಗೆ. ಸ್ಕ್ಯಾನ್ ಒಂದೇ ಸಲ. ಕ್ಯಾಲಿಬ್ರೇಷನ್ ಯಾಕೆ, ರೇಡಾರ್ ಬದಲಾಯಿಸಿಲ್ಲವಲ್ಲ? ಬಂಪರ್ ಕವರ್ ಮತ್ತು ಹೆಡ್‌ಲೈಟ್ ಕಾರಿನ ಕಂಪನಿಯದಲ್ಲ, ಬೇರೆಯವರು ಮಾಡಿದ ಆಫ್ಟರ್‌ಮಾರ್ಕೆಟ್.

ಕಾರಿನ ಕಂಪನಿಯ ರಿಪೇರಿ ಕೈಪಿಡಿಯ ಪುಟ ತೆಗೆದು ಕಳಿಸಿದೆ. ಅಡ್ಜಸ್ಟರ್‌ಗೆ ಅದು ಸಲಹೆ ಇದ್ದ ಹಾಗೆ. ನಮಗೆ ಹಾಗಲ್ಲ. ಟೆಕ್ಸಸ್‌ನ ಡಲ್ಲಾಸ್‌ನಲ್ಲಿ 2017ರಲ್ಲಿ ನಡೆದ ಒಂದು ಕೇಸನ್ನು ಈ ಧಂಧೆಯಲ್ಲಿರುವ ಎಲ್ಲರೂ ಬಲ್ಲರು. ಹೋಂಡಾ ಫಿಟ್ ಕಾರಿನ ರೂಫನ್ನು ವೆಲ್ಡ್ ಮಾಡುವ ಬದಲು ಅಂಟು ಹಾಕಿ ಕೂರಿಸಿದ್ದರು. ಆ ಕಾರನ್ನು ಸೆಕೆಂಡ್‌ಹ್ಯಾಂಡ್ ಕೊಂಡ ದಂಪತಿಗೆ ಅಪಘಾತದಲ್ಲಿ ಭೀಕರ ಗಾಯಗಳಾದವು. ಜ್ಯೂರಿ ರಿಪೇರಿ ಮಾಡಿದ ಶಾಪ್ ವಿರುದ್ಧ 3 ಕೋಟಿ 15 ಲಕ್ಷ ಡಾಲರ್ ತೀರ್ಪು ಕೊಟ್ಟಿತು. ದುಡ್ಡು ಉಳಿಸಲು ಹೇಳುವವರು ಯಾರೇ ಇರಲಿ, ಕೋರ್ಟಿನ ಕಟಕಟೆಗೆ ಹತ್ತುವುದು ಶಾಪ್. ಹಾಗಾಗಿ ನಮ್ಮ ಓನರ್‌ದು ಒಂದೇ ಮಾತು, ಕ್ಯಾಲಿಬ್ರೇಷನ್ ಆಗದೆ ಈ ಕಾರು ಗೇಟು ದಾಟುವುದಿಲ್ಲ.

ಆಫ್ಟರ್‌ಮಾರ್ಕೆಟ್ ಪಾರ್ಟಿನ ವಿಷಯದಲ್ಲಿ ಈ ರಾಜ್ಯದ ನಿಯಮ ನಿಜಕ್ಕೂ ಗಟ್ಟಿ. ಗುಣ, ಸುರಕ್ಷತೆ, ಹೊಂದಿಕೆ ಎಲ್ಲದರಲ್ಲೂ ಅದು ಕಾರಿನ ಕಂಪನಿಯ ಪಾರ್ಟಿಗೆ ಸಮ ಇರಬೇಕು, ಇನ್ಶೂರೆನ್ಸ್‌ನವರು ಅದಕ್ಕೆ ವಾರಂಟಿ ಕೊಡಬೇಕು, ಎಸ್ಟಿಮೇಟ್‌ನಲ್ಲಿ ಸ್ಪಷ್ಟವಾಗಿ ಹೇಳಿರಬೇಕು. ಸರಿ, ಅವರು ಹೇಳಿದ ಹೆಡ್‌ಲೈಟನ್ನೇ ತರಿಸಿದೆವು. ಕೂರಿಸಿ ನೋಡಿದರೆ ಫೆಂಡರ್ ಪಕ್ಕ ಒಂದು ನಾಣ್ಯ ತೂರುವಷ್ಟು ಸಂದಿ. ನಮ್ಮ ಟೆಕ್ನಿಷಿಯನ್ ನಾಣ್ಯವನ್ನೇ ಇಟ್ಟು ಫೋಟೋ ತೆಗೆದ. ಮರುದಿನ ಕಾರಿನ ಕಂಪನಿಯ ಪಾರ್ಟಿಗೆ ಒಪ್ಪಿಗೆ ಬಂತು. ಬಂಪರ್ ಕವರ್ ಮಾತ್ರ ಪರವಾಗಿಲ್ಲ ಅನ್ನುವ ಹಾಗೆ ಕೂತಿತು, ಅದನ್ನೇ ಉಳಿಸಿಕೊಂಡೆವು. ಎಲ್ಲ ಆಫ್ಟರ್‌ಮಾರ್ಕೆಟ್ಟೂ ಕೆಟ್ಟದ್ದು ಅಂತ ಹೇಳುವ ಶಾಪ್‌ನವರು ಇದ್ದಾರೆ. ನಾನು ಆ ಪಂಗಡದವಳಲ್ಲ.

ಎಲ್ಲಕ್ಕಿಂತ ದೊಡ್ಡ ಜಗ್ಗಾಟ ಗಂಟೆ ರೇಟಿನದು. ನಮ್ಮ ಗೋಡೆಯ ಮೇಲೆ ಒಂದು ರೇಟು ಬರೆದಿದೆ. ಕಂಪನಿ ಕೊಡುವುದು ಬೇರೆ ರೇಟು. ನಡುವಿನ ಅಂತರ ಗಂಟೆಗೆ ಹತ್ತಿಪ್ಪತ್ತು ಡಾಲರ್ ಅಂದರೂ ಇಂತಹ ಕೆಲಸದಲ್ಲಿ ಅದು ಸಣ್ಣದಲ್ಲ. ಕಂಪನಿಯವರು ಅದನ್ನು ಏರಿಯಾದಲ್ಲಿ ಚಾಲ್ತಿಯಲ್ಲಿರುವ ರೇಟು ಅನ್ನುತ್ತಾರೆ. ಯಾರ ಚಾಲ್ತಿ? ಸರ್ವೆ ಮಾಡಿ ರೇಟು ಕಟ್ಟುವ ಕಂಪನಿ ಆ ಸರ್ವೆಯನ್ನು ರಾಜ್ಯದ ಇನ್ಶೂರೆನ್ಸ್ ಇಲಾಖೆಗೆ ಕೊಡಬೇಕು, ಕೇಳಿದವರಿಗೆ ಇಲಾಖೆ ತೋರಿಸಬೇಕು ಅಂತ ಇಲ್ಲಿ ಕಾನೂನಿದೆ. 2017ರಲ್ಲಿ ಸರ್ವೆ ಹೇಗೆ ಮಾಡಬೇಕು ಅನ್ನುವುದಕ್ಕೂ ಒಂದು ಮಾದರಿ ನಿಯಮ ಬಂತು. ಆ ಮಾದರಿಯಲ್ಲೇ ಮಾಡಬೇಕು ಅಂತ ಬಲವಂತ ಇಲ್ಲ. ಮಾಡಿದರೆ ಕಂಪನಿಯ ರೇಟಿಗೆ ಇಲಾಖೆಯ ಮುಂದೆ ಬಲ ಜಾಸ್ತಿ, ಅಷ್ಟೇ. ಇಷ್ಟಾದರೂ ನಾವು ಪುಣ್ಯವಂತರು. ಮ್ಯಾಸಚೂಸೆಟ್ಸ್‌ನಲ್ಲಿ ಇನ್ಶೂರೆನ್ಸ್‌ನವರು ಕೊಡುವ ರೇಟು ವರ್ಷಗಟ್ಟಲೆ ಗಂಟೆಗೆ 40 ಡಾಲರ್ ಆಸುಪಾಸಿನಲ್ಲೇ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿನ ಶಾಪ್‌ನವರು ಶಾಸನಸಭೆಯ ಬಾಗಿಲು ಬಡಿದು ಸುಸ್ತಾಗಿದ್ದಾರೆ.

ನಾನು ಅಡ್ಜಸ್ಟರ್‌ಗೆ ಇನ್ನೊಂದು ನಿಯಮ ತೋರಿಸಿದೆ. ಕಂಪನಿಯ ಎಸ್ಟಿಮೇಟ್ ಸಾಲುವುದಿಲ್ಲ ಅಂತ ಗ್ರಾಹಕರು ಹೇಳಿದರೆ ಕಂಪನಿಗೆ ಮೂರೇ ದಾರಿ. ವ್ಯತ್ಯಾಸ ಕೊಡಬೇಕು, ಇಲ್ಲವೇ ಗ್ರಾಹಕರು ಕೇಳಿದರೆ ಆ ಮೊತ್ತಕ್ಕೇ ಸರಿಯಾಗಿ ಮಾಡಿಕೊಡುವ ಒಂದು ಶಾಪ್‌ನ ಹೆಸರು ಹೇಳಬೇಕು, ಇಲ್ಲವೇ ನಮ್ಮ ಎಸ್ಟಿಮೇಟನ್ನು ನ್ಯಾಯವಾಗಿ ತಿದ್ದಿ ತಿದ್ದಿದ್ದರ ಪ್ರತಿ ಕೊಡಬೇಕು. ಅಡ್ಜಸ್ಟರ್ ಮೂರನೆಯದನ್ನು ಹಿಡಿದ. ಗ್ರಾಹಕರು ಇದರ ಬಗ್ಗೆ ತನಗೇನೂ ಬರೆದಿಲ್ಲವಲ್ಲ ಅಂತ ಕೇಳಿದ. ಅವನ ಮಾತು ಸರಿ. ಪಾಲಿಸಿ ಇರುವುದು ಗ್ರಾಹಕರಿಗೂ ಕಂಪನಿಗೂ ನಡುವೆ. ಕಂಪನಿಯ ಲೆಕ್ಕದಲ್ಲಿ ನಾವು ಬೀದಿಯಲ್ಲಿ ಹೋಗುವ ದಾಸಯ್ಯ.

ಶಾಪ್‌ನವರು ತಾವೇ ಹೋರಾಡಲು ನೋಡಿಲ್ಲ ಅಂತಲ್ಲ. 1963ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಇನ್ಶೂರೆನ್ಸ್ ಸಂಘಗಳ ಮೇಲೆ ಕೇಸು ಹಾಕಿ, ಶಾಪ್‌ಗಳ ರೇಟನ್ನು ಹಿಡಿತದಲ್ಲಿಟ್ಟುಕೊಳ್ಳಬಾರದು ಅನ್ನುವ ಒಪ್ಪಂದದ ಆದೇಶ ಪಡೆದಿತ್ತು. ಹಳೆಯ ಶಾಪ್ ಓನರ್‌ಗಳು ಅದನ್ನು ಈಗಲೂ ವೇದವಾಕ್ಯದ ಹಾಗೆ ಹೇಳುತ್ತಾರೆ. 2014ರಿಂದೀಚೆಗೆ ಹಲವು ರಾಜ್ಯಗಳ ಶಾಪ್‌ಗಳು ಸೇರಿ ದೊಡ್ಡ ದೊಡ್ಡ ಇನ್ಶೂರೆನ್ಸ್ ಕಂಪನಿಗಳ ಮೇಲೆ ಆಂಟಿಟ್ರಸ್ಟ್ (ಪೈಪೋಟಿ ಹತ್ತಿಕ್ಕಿದ) ಕೇಸು ಹೂಡಿದವು. 2019ರಲ್ಲಿ ಅಟ್ಲಾಂಟಾದ ಫೆಡರಲ್ ಮೇಲ್ಮನವಿ ಕೋರ್ಟು ಆ ಆರೋಪಗಳು ನಿಲ್ಲುವುದಿಲ್ಲ ಅಂತ ಹೇಳಿತು. ಸಣ್ಣ ಮಟ್ಟದಲ್ಲೂ ದಾರಿ ಕಿರಿದು. ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಮೊತ್ತದ ಜಗಳಗಳಿಗಾಗಿ ಇರುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. ಆದರೆ ಗ್ರಾಹಕರು ತಮ್ಮ ಹಕ್ಕನ್ನು ನಮಗೆ ಬರೆದುಕೊಟ್ಟರೆ ಆ ಹಕ್ಕಿನ ಮೇಲೆ ನಾವು ಅಲ್ಲಿ ಕೇಸು ಹಾಕುವಂತಿಲ್ಲ. ಅವರೇ ಹೋಗಬೇಕು.

ಹಾಗಾಗಿ ಸರ್‌ನ ಕರೆದು ಕೂರಿಸಿದೆ. ಕಾಫಿ ಕೊಟ್ಟು ಎಲ್ಲ ಹೇಳಿದೆ. "ಇನ್ಶೂರೆನ್ಸ್ ಇಲಾಖೆಗೆ ದೂರು ಕೊಡಬಹುದು. ಆನ್‌ಲೈನ್ ಫಾರಂ. ನಾನು ಕಾಗದ ಎಲ್ಲ ಜೋಡಿಸಿಕೊಡ್ತೀನಿ, ಆದ್ರೆ ಹೆಸರು ನಿಮ್ದೇ ಇರ್ಬೇಕು."

"ಏನಮ್ಮಾ, ಗವರ್ನಮೆಂಟಿಗೆಲ್ಲ ಹೋಗ್ಬೇಕಾ? ನಾಳೆ ನನ್ ಗ್ರೀನ್ ಕಾರ್ಡಿಗೆ ಏನಾದ್ರೂ ತೊಂದ್ರೆ ಆದ್ರೆ?"

ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಎಷ್ಟು ಹೇಳಿದರೂ ಆ ಭಯ ಹೋಗುವುದಿಲ್ಲ. ವೀಸಾದಲ್ಲಿ ಬದುಕುವವರ ಭಯ ಅದು, ನನಗೂ ಇದೆ. ಕಾನೂನು ಬರೆದವರು ಗ್ರಾಹಕನ ಕೈಗೆ ಹಕ್ಕು ಕೊಟ್ಟಾಗ ಇಂತಹ ಗ್ರಾಹಕನನ್ನು ಯೋಚಿಸಿರಲಿಕ್ಕಿಲ್ಲ. ಇದರ ಜೊತೆಗೆ ಬಾಡಿಗೆ ಕಾರಿನ ಗಡಿಯಾರ ಬೇರೆ. ಅವರ ಪಾಲಿಸಿಯಲ್ಲಿ ಬಾಡಿಗೆ ಕಾರಿಗೆ 30 ದಿನ ಮಾತ್ರ. ನಾವು ಅಡ್ಜಸ್ಟರ್ ಜೊತೆ ಮೇಲ್ ಮೇಲೆ ಮೇಲ್ ಕಳಿಸುತ್ತಾ ಕೂತರೆ ಆ ದಿನಗಳು ಕರಗುತ್ತವೆ. ಇನ್ಶೂರೆನ್ಸ್ ಕಂಪನಿಯ ಕೈಯಲ್ಲಿರುವ ನಿಜವಾದ ಆಯುಧ ಗಂಟೆ ರೇಟಲ್ಲ, ಈ ಬಾಡಿಗೆ ಕಾರು ಅಂತ ನನ್ನ ಅಭಿಪ್ರಾಯ. ದಿನ ಮುಗಿದ ಮೇಲೆ ಗ್ರಾಹಕರ ಸಿಟ್ಟೆಲ್ಲ ತಿರುಗುವುದು ಶಾಪ್ ಕಡೆಗೆ.

ಕೊನೆಗೆ ಅವರ ಹೆಂಡತಿ ಫಾರಂ ತುಂಬಿಸಿದರು. ಕಾರು ಇಬ್ಬರ ಹೆಸರಲ್ಲೂ ಇತ್ತು, ಪಾಲಿಸಿಯೂ. ಅವರಿಗೆ ಯಾವ ಭಯವೂ ಇರಲಿಲ್ಲ. ಕೈಪಿಡಿ ಪುಟ, ಸೀಳಿದ ಬ್ರ್ಯಾಕೆಟ್‌ನ ಫೋಟೋ, ಅಡ್ಜಸ್ಟರ್ ಮೇಲ್‌ಗಳು ಎಲ್ಲವನ್ನೂ ಸೇರಿಸಿ ಕಳಿಸಿದರು. ಇಲಾಖೆ ಕೇಳಿದ ಮೇಲೆ ಕಂಪನಿ 21 ದಿನದೊಳಗೆ ಪೂರ್ತಿ ಉತ್ತರ ಕೊಡಬೇಕು. ಅಷ್ಟು ದಿನ ಬೇಕಾಗಲಿಲ್ಲ. ಹೊಸ ಅಡ್ಜಸ್ಟರ್ ಒಬ್ಬರು ಫೋನ್ ಮಾಡಿದರು. ಇವರು ನಮ್ಮ ಶಾಪ್‌ಗೇ ಬಂದು ಕಾರು ನೋಡಿದರು. ಬ್ರ್ಯಾಕೆಟ್ ಮುಟ್ಟಿ ನೋಡಿ ಎರಡೇ ನಿಮಿಷದಲ್ಲಿ ಕ್ಯಾಲಿಬ್ರೇಷನ್‌ಗೆ ಹೂಂ ಅಂದರು. ಎರಡೂ ಸ್ಕ್ಯಾನ್ ಒಪ್ಪಿದರು. ಇನ್ನೊಂದು ಕಡೆಯ ಬ್ಲೆಂಡ್ ಕೂಡ. ಗಂಟೆ ರೇಟು ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಇಲಾಖೆಯ ಕಾಗದವೂ ಬಂತು. ಬೆಲೆಯ ವಿಷಯದಲ್ಲಿ ಯಾರು ಸರಿ ಅಂತ ತೀರ್ಮಾನಿಸುವುದು ತಮ್ಮ ಕೆಲಸ ಅಲ್ಲ, ಬೇಕಿದ್ದರೆ ಕೋರ್ಟಿಗೆ ಹೋಗಬಹುದು ಅಂತ ಅದರಲ್ಲಿತ್ತು.

ರೇಟಿನ ಅಂತರಕ್ಕಾಗಿ ಯಾರೂ ಕೋರ್ಟಿಗೆ ಹೋಗಲಿಲ್ಲ. ಅದು ಗ್ರಾಹಕರ ಮೇಲೆ ಬೀಳಬಹುದು ಅಂತ ನಾವು ಮೊದಲೇ ಬರೆದು ಸಹಿ ಹಾಕಿಸಿಕೊಂಡಿದ್ದೆವು. ಡಿಡಕ್ಟಿಬಲ್ ಜೊತೆಗೆ ಅದನ್ನೂ ಕಟ್ಟಿದರು, ಖುಷಿಯಿಂದೇನಲ್ಲ. ಕಾರು ಕೊಡುವಾಗ ಇನ್ನೊಂದು ವಿಷಯ ಹೇಳಿದೆ. ಬಾಡಿ ಕೆಲಸ ಸರಿಯಾಗಿದೆಯಾ ಅಂತ ಅನುಮಾನ ಬಂದರೆ ಶಾಪ್‌ಗಳನ್ನು ನೋಂದಾಯಿಸುವ ಆ ಬ್ಯೂರೋದವರು ಪುಕ್ಕಟೆ ಬಂದು ನೋಡುತ್ತಾರೆ, ನಮ್ಮ ಕೆಲಸವನ್ನೂ ತೋರಿಸಬಹುದು.

"ಮುಂದಿನ ಸಲ ಅವ್ರ ಶಾಪ್‌ಗೇ ಹೋಗಿಬಿಡ್ಲಾ ಮೇಡಂ? ನಿಜ ಹೇಳಿ."

"ಬಂಪರ್ ಮೇಲೆ ಗೀರು ಬಿದ್ರೆ ಹೋಗಿ ಸರ್, ಬೇಗ ಆಗುತ್ತೆ. ಒಳಗೇನಾದ್ರೂ ಬಾಗಿದ್ರೆ ಇಲ್ಲಿಗೆ ಬನ್ನಿ. ಅದಕ್ಕಿಂತ ಮೊದ್ಲು ಪಾಲಿಸಿ ರಿನ್ಯೂ ಮಾಡುವಾಗ ಕಾರಿನ ಕಂಪನಿ ಪಾರ್ಟೇ ಹಾಕ್ಬೇಕು ಅನ್ನೋ ಎಂಡಾರ್ಸ್‌ಮೆಂಟ್ ಸಿಗುತ್ತಾ ಕೇಳಿ. ಬಾಡಿಗೆ ಕಾರಿನ ದಿನ ಜಾಸ್ತಿ ಮಾಡ್ಸಿ."

ಕೇಳಿದರಂತೆ. ಅವರ ಕಂಪನಿಯಲ್ಲಿ ಎರಡೂ ಇರಲಿಲ್ಲ. ಹೆಂಡತಿ ಇನ್ನೊಂದು ಕಂಪನಿ ಹುಡುಕಿ ಪಾಲಿಸಿ ಬದಲಾಯಿಸಿದ್ದಾರೆ.